ಹೊಲದಲ್ಲಿ ತೊಗರಿ, ದಾಖಲೆಯಲ್ಲಿ ಹೆಸರು

ಕಲಬುರಗಿ, ಬೀದರ್, ಯಾದಗಿರಿ ಕಡೆ ಮುಂಗಾರಿಗೆ ತೊಗರಿ ಬಿತ್ತುವವರು ಅದರ ಸಾಲುಗಳ ನಡುವೆ ಹೆಸರನ್ನೋ ಉದ್ದನ್ನೋ ಸೋಯಾವನ್ನೋ ಹಾಕುವುದು ಹಳೆಯ ರೂಢಿ. ಹೆಸರುಕಾಳು ಎರಡು, ಎರಡೂವರೆ ತಿಂಗಳಲ್ಲಿ ಮನೆಗೆ ಬರುತ್ತದೆ. ತೊಗರಿಗೆ ಐದಾರು ತಿಂಗಳು ಬೇಕು. ಆಗಸ್ಟ್‌ನಲ್ಲಿ ಬೆಳೆ ಸಮೀಕ್ಷೆಗೆ ಬಂದ ಹುಡುಗ ಬದುವಿನ ಮೇಲೆ ನಿಂತು ಮೊಬೈಲ್ ಎತ್ತಿದರೆ ಚಿತ್ರದ ತುಂಬ ಕಾಣುವುದು ಹೆಸರು. ತೊಗರಿ ಇನ್ನೂ ಮೊಣಕಾಲೆತ್ತರ. ಆತ ‘ಹೆಸರು’ ಎಂದು ಒತ್ತಿ ಮುಂದಿನ ಸರ್ವೆ ನಂಬರಿಗೆ ಹೋಗುತ್ತಾನೆ. ಜನವರಿಯಲ್ಲಿ ಅದೇ ಹೊಲದಿಂದ ಹದಿನೈದು ಕ್ವಿಂಟಲ್ ತೊಗರಿ ರಾಶಿಯಾಗುತ್ತದೆ, ಸರ್ಕಾರದ ಲೆಕ್ಕದಲ್ಲಿ ಮಾತ್ರ ಅಲ್ಲಿ ತೊಗರಿಯೇ ಇಲ್ಲ.

ಇದು ಒಬ್ಬ ರೈತನ ಪಹಣಿಯ ತಪ್ಪಾಗಿ ಮುಗಿಯುವುದಿಲ್ಲ. ವಿಮಾ ಕಂಪನಿ ಪರಿಹಾರ ಕೊಡಬೇಕೇ ಬೇಡವೇ ಎಂದು ನೋಡುವುದು ಈ ದಾಖಲೆಯನ್ನು. ಬೆಂಬಲ ಬೆಲೆ ಖರೀದಿ ಕೇಂದ್ರ ಎಷ್ಟು ಕ್ವಿಂಟಲ್ ಕೊಳ್ಳಬಹುದು ಎಂದು ನೋಡುವುದೂ ಇದನ್ನೇ. ಮಳೆ ಕೈಕೊಟ್ಟಾಗ ಕಂದಾಯ ಇಲಾಖೆ ಬೆಳೆಹಾನಿ ಪರಿಹಾರದ ಪಟ್ಟಿ ಮಾಡುವುದೂ ಇದರ ಮೇಲೆಯೇ. ಸರ್ಕಾರ, ಉದ್ಯಮ ಮತ್ತು ಜನ ಕೈಜೋಡಿಸಬೇಕು ಎಂಬ ಮಾತು ವೇದಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ತೊಗರಿಯ ನಾಡಿನಲ್ಲಿ ಆ ಮೂರೂ ಕೈಗಳು ಸೇರುವ ಜಾಗ ಯಾವುದೋ ಸಭಾಂಗಣವಲ್ಲ, ಒಂದು ಸರ್ವೆ ನಂಬರಿನ ಮುಂದೆ ಬರೆದ ಒಂದು ಬೆಳೆಯ ಹೆಸರು. ಆ ಹೆಸರು ಸರಿಯಾಗಿ, ಹೊತ್ತಿಗೆ ಸರಿಯಾಗಿ ಬೀಳುವಂತೆ ನೋಡಿಕೊಳ್ಳುವ ಅಧಿಕಾರ ಸರ್ಕಾರಕ್ಕೆ ಮಾತ್ರ ಇದೆ. ಸಬ್ಸಿಡಿ, ಮೇಳ, ಬ್ರ್ಯಾಂಡ್ ಎಲ್ಲ ಅದರ ಆಮೇಲಿನ ಮಾತು.

ಸಮೀಕ್ಷೆ ನಡೆಯುವ ಬಗೆಯನ್ನು ಮೊದಲು ನೋಡೋಣ. ರೈತರೇ ಆ್ಯಪ್‌ನಲ್ಲಿ ತಮ್ಮ ಬೆಳೆ ದಾಖಲಿಸುವ ಅವಕಾಶ 2020ರಿಂದ ಇದೆ. ಅವರು ಮಾಡದೆ ಉಳಿದ ತಾಕುಗಳನ್ನು ಊರಿನವರೇ ಆದ ಖಾಸಗಿ ನಿವಾಸಿಗಳು, ಕಚೇರಿ ಭಾಷೆಯಲ್ಲಿ ‘ಪಿಆರ್’ಗಳು, ತಾಕಿಗೆ ಇಷ್ಟು ಎಂಬ ಸಂಭಾವನೆಯ ಮೇಲೆ ಮುಗಿಸುತ್ತಾರೆ. ಊರಿನ ಹುಡುಗರಿಗೆ ಹೊಲದ ಗಡಿ ಗೊತ್ತಿರುತ್ತದೆ, ಹಾಗಾಗಿ ಏರ್ಪಾಡು ಒಳ್ಳೆಯದೇ. ತೊಂದರೆ ಇರುವುದು ಸಂಭಾವನೆಯ ಲೆಕ್ಕದಲ್ಲಿ. ಮಿಶ್ರಬೆಳೆ ಇದ್ದರೆ ಎರಡೂ ಬೆಳೆಗಳನ್ನು ನಮೂದಿಸಿ, ಎಷ್ಟು ಸಾಲಿಗೆ ಎಷ್ಟು ಸಾಲು ಎಂದು ಎಣಿಸಿ, ಪ್ರತಿಯೊಂದಕ್ಕೂ ವಿಸ್ತೀರ್ಣ ಹಂಚಬೇಕು. ಒಂದೇ ಬೆಳೆ ಎಂದು ಬರೆದರೆ ಎರಡು ನಿಮಿಷದ ಕೆಲಸ, ಹೀಗೆ ಮಾಡಿದರೆ ಹತ್ತು ನಿಮಿಷ. ದುಡ್ಡು ಎರಡಕ್ಕೂ ಒಂದೇ ಆಗಿದ್ದರೆ ಯಾರಾದರೂ ಯಾವ ದಾರಿ ಹಿಡಿಯುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ. ಅಣ್ಣ ತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿ, ಪಹಣಿ ಇನ್ನೂ ತಂದೆಯ ಹೆಸರಿನಲ್ಲೇ ಇರುವ ಹೊಲಗಳಲ್ಲಿ ಗೋಜಲು ಇನ್ನೂ ಹೆಚ್ಚು. ಉತ್ತವನೊಬ್ಬ, ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತನಿಗೆ ಕೊಡುವ ನೋಂದಣಿ ಸಂಖ್ಯೆ, ಇನ್ನೊಬ್ಬನದು.

ತಪ್ಪಾಗಿದ್ದರೆ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ಫೋಟೊ ನೋಡಿ ಆಕ್ಷೇಪಣೆ ಹಾಕಬಹುದು. ಹಾಕಬೇಕು ಎಂಬುದು ರೈತನಿಗೆ ಗೊತ್ತಾಗುವುದು ಖರೀದಿ ಕೇಂದ್ರದಲ್ಲಿ ಅರ್ಜಿ ತಿರಸ್ಕೃತವಾದ ದಿನ. ಅಷ್ಟರಲ್ಲಿ ಗಡುವು ದಾಟಿರುತ್ತದೆ.

ಈಗ ವಿಮೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2. ಉಳಿದ ಕಂತನ್ನು ಕೇಂದ್ರ, ರಾಜ್ಯ ಸರ್ಕಾರಗಳು ಹಂಚಿಕೊಂಡು ಕಂಪನಿಗೆ ಕೊಡುತ್ತವೆ. ಅಂದರೆ ಒಪ್ಪಂದದಲ್ಲೇ ಮೂವರು ಇದ್ದಾರೆ. ತೊಗರಿಗೆ ನೋಂದಾಯಿಸಲು ಸಾಮಾನ್ಯವಾಗಿ ಜುಲೈ ಕೊನೆ ಗಡುವು. ಸಮೀಕ್ಷೆ ಮುಗಿಯುವುದು ಅದಾದ ವಾರಗಳ ಮೇಲೆ. ರೈತ ‘ತೊಗರಿ’ ಎಂದು ಕಂತು ಕಟ್ಟಿರುತ್ತಾನೆ, ಆಮೇಲೆ ಬಂದ ಸಮೀಕ್ಷೆ ‘ಹೆಸರು’ ಎನ್ನುತ್ತದೆ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ತಾಳೆಯಾಗದ ಅರ್ಜಿ ತಿರಸ್ಕಾರದ ಪಟ್ಟಿಗೆ ಹೋಗುತ್ತದೆ. ಕಂಪನಿಯನ್ನು ಬೈಯುವುದು ಸುಲಭ. ಆದರೆ ಹೊಲಕ್ಕೆ ಹೋಗದ ಕಂಪನಿಗೆ ಸರ್ಕಾರದ ದಾಖಲೆಯನ್ನು ನಂಬುವುದು ಬಿಟ್ಟು ಬೇರೆ ದಾರಿಯಿಲ್ಲ, ನಂಬದಿದ್ದರೆ ಯಾರೂ ಬೆಳೆಯದ ಹೊಲಕ್ಕೂ ವಿಮೆ ಇಳಿಸುವವರು ಹುಟ್ಟಿಕೊಳ್ಳುತ್ತಾರೆ. ಗಡುವು ಮತ್ತು ಸಮೀಕ್ಷೆಯ ಹಿಂದುಮುಂದನ್ನು ಜೋಡಿಸಬೇಕಾದದ್ದು ಸರ್ಕಾರ.

ಪರಿಹಾರದ ಲೆಕ್ಕ ಅನೇಕರಿಗೆ ಒಗಟಾಗಿಯೇ ಉಳಿದಿದೆ, ಅದಕ್ಕೇ ಅನುಮಾನವೂ ಹೆಚ್ಚು. ತನ್ನ ಹೊಲ ಒಣಗಿದ್ದಕ್ಕೆ ದುಡ್ಡು ಬರುತ್ತದೆ ಎಂದು ರೈತ ತಿಳಿದಿರುತ್ತಾನೆ. ಆದರೆ ಮುಖ್ಯ ಪರಿಹಾರ ನಿಂತಿರುವುದು ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮ ಐದು ವರ್ಷಗಳ ಸರಾಸರಿ ತೆಗೆದು, ಅದನ್ನು ನಿಗದಿತ ಖಾತರಿ ಮಟ್ಟದಿಂದ ಗುಣಿಸಿದರೆ ಬರುವುದು ಪ್ರಾರಂಭಿಕ ಇಳುವರಿ. ಪಂಚಾಯಿತಿಯೊಳಗೆ ಆರಿಸಿದ ನಾಲ್ಕು ತಾಕುಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ತೂಗಿದ್ದು ಆ ವರ್ಷದ ಇಳುವರಿ. ಲೆಕ್ಕ ತಿಳಿಯಲು ಹೀಗೆ ಇಟ್ಟುಕೊಳ್ಳಿ: ಪ್ರಾರಂಭಿಕ ಇಳುವರಿ ಹೆಕ್ಟೇರಿಗೆ 600 ಕೆ.ಜಿ., ಈ ವರ್ಷ ಸಿಕ್ಕಿದ್ದು 420 ಕೆ.ಜಿ. ಕೊರತೆ 180, ಅಂದರೆ ಶೇ 30. ವಿಮಾ ಮೊತ್ತ ಹೆಕ್ಟೇರಿಗೆ 50,000 ರೂಪಾಯಿ ಆಗಿದ್ದರೆ ಪರಿಹಾರ 15,000. ಅದಕ್ಕೆ ರೈತ ಕಟ್ಟಿದ ಕಂತು 1,000.

ಹಾಗಾದರೆ ಆ ನಾಲ್ಕು ತಾಕುಗಳು ಎಷ್ಟು ಮುಖ್ಯ ನೋಡಿ. ನೆಟೆ ರೋಗ ಬಂದ ವರ್ಷ ತೊಗರಿ ಹೊಲ ಒಂದೇ ಸಮ ಒಣಗುವುದಿಲ್ಲ. ನೀರು ನಿಂತ ತಗ್ಗಿನಲ್ಲಿ ಗಿಡಗಳು ನಿಂತಲ್ಲೇ ಸಾಯುತ್ತವೆ, ದಿಬ್ಬದಲ್ಲಿ ಹಸಿರಾಗಿರುತ್ತವೆ. ನಾಲ್ಕರಲ್ಲಿ ಮೂರು ತಾಕು ದಿಬ್ಬದವಾದರೆ ಇಡೀ ಪಂಚಾಯಿತಿಗೆ ಪರಿಹಾರ ಕೈತಪ್ಪುತ್ತದೆ. ತಾಕಿನ ಆಯ್ಕೆ ಮೊದಲೇ ನಿಗದಿಯಾಗಿರುತ್ತದೆ, ಅದನ್ನು ಬದಲಿಸಲು ಬಿಡಬಾರದು. ಬಿಟ್ಟರೆ ಒತ್ತಡ ಹಾಕಬಲ್ಲವರ ಹೊಲಗಳೇ ಬರುತ್ತವೆ. ಆದರೆ ಕಟಾವಿನ ದಿನ, ಹೊತ್ತು, ಸರ್ವೆ ನಂಬರು ಊರಿಗೆ ಎರಡು ದಿನ ಮೊದಲು ಗೊತ್ತಿರಬೇಕು. ತೂಕ ಎಷ್ಟು ಬಂತು ಎಂಬುದನ್ನು ಅದೇ ಸಂಜೆ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಕಂಪನಿಯ ಪ್ರತಿನಿಧಿ ಅಲ್ಲಿ ಇದ್ದು ಸಹಿ ಹಾಕಿದರೆ ಮೂರು ತಿಂಗಳ ಮೇಲೆ ‘ಪ್ರಯೋಗ ಸರಿಯಿಲ್ಲ’ ಎಂಬ ತಕರಾರಿಗೆ ಆಸ್ಪದ ಇರುವುದಿಲ್ಲ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನವೂ ಬೇಡ.

ಒಂಟಿ ಹೊಲದ ನಷ್ಟಕ್ಕೂ ಬಾಗಿಲು ಇದೆ. ಆಲಿಕಲ್ಲು, ನೆರೆಯಂಥ ಸ್ಥಳೀಯ ವಿಪತ್ತಾದರೆ 72 ಗಂಟೆಯೊಳಗೆ ದೂರು ಕೊಡಬೇಕು. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಅಕಾಲ ಮಳೆಗೆ ಕೆಟ್ಟರೆ 14 ದಿನಗಳವರೆಗೆ ರಕ್ಷಣೆ ಇದೆ. ಶನಿವಾರ ರಾತ್ರಿ ಮಳೆ ಸುರಿದರೆ ಮಂಗಳವಾರ ರಾತ್ರಿಗೆ ಗಡುವು ಮುಗಿಯಿತು, ನಡುವೆ ಭಾನುವಾರ ಕಚೇರಿ ಇರದು. ಸಹಾಯವಾಣಿಗೆ ಕರೆ ಮಾಡಿದವರು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳದಿದ್ದರೆ ಕರೆ ಮಾಡಿದ್ದಕ್ಕೆ ಪುರಾವೆಯೇ ಇಲ್ಲ. ನೋಂದಣಿ ಮಾಡಿಕೊಡುವ ಗ್ರಾಮ ಒನ್, ಸಾಮಾನ್ಯ ಸೇವಾ ಕೇಂದ್ರಗಳ ಖಾಸಗಿ ನಿರ್ವಾಹಕರಿಗೆ ಅರ್ಜಿಯ ಎಣಿಕೆಯ ಮೇಲೆ ಸಂಪಾದನೆ. ಹಿಸ್ಸಾ ನಂಬರು, ಅಂದರೆ ಸರ್ವೆ ನಂಬರಿನೊಳಗಿನ ಪಾಲಿನ ಸಂಖ್ಯೆ, ಸರಿಯಿದೆಯೇ, ಆಧಾರ್‌ಗೆ ಜೋಡಣೆಯಾದ ಖಾತೆ ಚಾಲ್ತಿಯಲ್ಲಿದೆಯೇ ಎಂದು ನೋಡಿದರೆ ಅವರಿಗೆ ಹೆಚ್ಚಿಗೆ ಬರುವುದೇನೂ ಇಲ್ಲ. ಅರ್ಜಿ ಹಾಕಿದಾಗ ಅರ್ಧ, ಅದು ತಾಳೆಯಾಗಿ ಅಂಗೀಕಾರವಾದಾಗ ಉಳಿದರ್ಧ ಎಂದು ಶುಲ್ಕ ಹಂಚಿದರೆ ಅವರ ಕಣ್ಣು ತಾನಾಗಿ ಹಿಸ್ಸಾದ ಮೇಲೆ ಬೀಳುತ್ತದೆ.

ಖರೀದಿ ಕೇಂದ್ರದ ಕಥೆ ಇನ್ನೂ ಬಿಚ್ಚಿ ಹೇಳಬೇಕಾದದ್ದು. ತೊಗರಿಯ ಬೆಂಬಲ ಬೆಲೆ 2024-25ಕ್ಕೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು, ರಾಜ್ಯ ಸರ್ಕಾರ 450 ಸೇರಿಸಿ 8,000 ಮಾಡಿತು. 2025-26ಕ್ಕೆ ಕೇಂದ್ರ ಸರ್ಕಾರದ ಬೆಲೆಯೇ 8,000 ಆಯಿತು. ಬೆಳೆದಷ್ಟು ತೊಗರಿಯನ್ನು 2028-29ರವರೆಗೆ ಕೊಳ್ಳಲು ಕೇಂದ್ರ ಸರ್ಕಾರ ಒಪ್ಪಿದೆ. ಕಾಗದದ ಮೇಲೆ ಬೆಲೆ ಇದೆ, ಮಿತಿಯೂ ಸಡಿಲ. ಆದರೂ ಸಣ್ಣ ರೈತ ಗಂಜ್‌ನಲ್ಲಿ, ಅಂದರೆ ಪೇಟೆಯ ಮಾರುಕಟ್ಟೆಯಲ್ಲಿ, ಅಡತಿಯ (ದಲ್ಲಾಳಿಯ) ಅಂಗಡಿಗೆ ಕಡಿಮೆ ಬೆಲೆಗೆ ಹಾಕಿ ಬರುತ್ತಾನೆ.

ಇದಕ್ಕೆ ಕಾರಣ ಮೂರು. ಮೊದಲನೆಯದು ಹೊತ್ತು. ರಾಶಿ ಡಿಸೆಂಬರ್‌ನಲ್ಲೇ ಶುರು. ಖರೀದಿ ಕೇಂದ್ರ ತೆರೆದು, ಫ್ರೂಟ್ಸ್ ಐಡಿ ಮೇಲೆ ನೋಂದಣಿಯಾಗಿ, ಸರದಿ ಬಂದು, ಮಾಲು ಉಗ್ರಾಣ ಸೇರಿ ರಸೀದಿ ಆಗಿ, ಆಮೇಲೆ ದುಡ್ಡು. ಅಡತಿ ಅದೇ ದಿನ ಕೈಗೆ ಕೊಡುತ್ತಾನೆ, ಬಿತ್ತನೆಗೆ ಕೊಟ್ಟ ಸಾಲವನ್ನು ಮುರಿದುಕೊಂಡು ಉಳಿದದ್ದನ್ನು. ಸಾಲ ತಂದವನಿಗೆ ಬೇರೆ ಕಡೆ ಮಾರುವ ಸ್ವಾತಂತ್ರ್ಯ ಎಷ್ಟಿದ್ದೀತು?

ಎರಡನೆಯದು ತೇವಾಂಶ. ಸರ್ಕಾರಿ ಗುಣಮಟ್ಟಕ್ಕೆ ಶೇ 12ರ ಒಳಗಿರಬೇಕು. ಯಂತ್ರದಲ್ಲಿ ರಾಶಿ ಮಾಡಿ ಎರಡನೇ ದಿನಕ್ಕೇ ಚೀಲ ತುಂಬಿದ ಕಾಳಿನಲ್ಲಿ 14, 15 ಇರುತ್ತದೆ. ‘ಮಾಲ್ ಇನ್ನಾ ಹಸಿ ಅದ’ ಎಂದು ವಾಪಸ್ ಕಳಿಸಿದರೆ ಟ್ರ್ಯಾಕ್ಟರ್ ಬಾಡಿಗೆ ಎರಡು ಸಲ. ಊರಲ್ಲೇ ಸಹಕಾರ ಸಂಘದ ಬಳಿ ಒಂದು ತೇವಾಂಶ ಮಾಪಕ, ಒಂದು ಜರಡಿ ಯಂತ್ರ ಇದ್ದರೆ ಈ ಓಡಾಟ ತಪ್ಪುತ್ತದೆ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚೀಲಕ್ಕೆ 50 ಕೆ.ಜಿ. ಎಂದಿದ್ದರೂ ಮೇಲೆ ಒಂದು ಹಿಡಿ, ಒಂದು ಬೊಗಸೆ ಹಾಕಿಸಿಕೊಳ್ಳುವ ರೂಢಿ ಕೆಲವೆಡೆ ಇದೆ. ಇದನ್ನು ಬರೀ ಕಳ್ಳತನ ಎಂದುಕೊಂಡರೆ ರೋಗದ ಮೂಲ ಸಿಗುವುದಿಲ್ಲ. ಶೇ 12 ತೇವಾಂಶದಲ್ಲಿ ಕೊಂಡ 100 ಕೆ.ಜಿ. ತೊಗರಿಯಲ್ಲಿ ಒಣ ಭಾಗ 88 ಕೆ.ಜಿ. ಫೆಬ್ರುವರಿ ಬಿಸಿಲಿಗೆ ಅದು ಶೇ 10ಕ್ಕೆ ಇಳಿದರೆ ತೂಕ 97.8 ಕೆ.ಜಿ. ಮಾತ್ರ. ಯಾರೂ ಮುಟ್ಟದೆಯೇ ಎರಡು ಕೆ.ಜಿ.ಗೂ ಹೆಚ್ಚು ಆವಿಯಾಗಿ ಹೋಯಿತು. ಗೋಣಿಚೀಲ ಬಂದಿಲ್ಲ, ಲಾರಿ ಬಂದಿಲ್ಲ, ಉಗ್ರಾಣದಲ್ಲಿ ಜಾಗವಿಲ್ಲ ಎಂದು ಮಾಲು ಕೇಂದ್ರದಲ್ಲೇ ಮೂರು ವಾರ ಕೂತರೆ ಉಗ್ರಾಣದ ತಕ್ಕಡಿ ಕಡಿಮೆ ತೋರಿಸುತ್ತದೆ, ಆ ಕೊರತೆಯನ್ನು ಸಂಘದ ತಲೆಗೆ ಕಟ್ಟಲಾಗುತ್ತದೆ. ಸಂಘದ ಕಾರ್ಯದರ್ಶಿ ಅದನ್ನು ರೈತನ ಬೊಗಸೆಯಿಂದ ತುಂಬಿಸಿಕೊಳ್ಳುತ್ತಾನೆ. ತಡ ಮಾಡಿದವರು ಒಬ್ಬರು, ತೆರುವವರು ಇನ್ನೊಬ್ಬರು. ಕೊಂಡ ದಿನದ ತೇವಾಂಶವನ್ನು ರಸೀದಿಯಲ್ಲೇ ನಮೂದಿಸಿ, ಒಣಗಿದ್ದರಿಂದ ಆದ ಕೊರತೆಯನ್ನು ಇದೇ ಸೂತ್ರದಿಂದ ಕಳೆದು, ಇಂತಿಷ್ಟು ದಿನದೊಳಗೆ ಮಾಲು ಎತ್ತದಿದ್ದರೆ ಆಮೇಲಿನ ಕೊರತೆ ಖರೀದಿ ಏಜೆನ್ಸಿಯದ್ದು ಎಂದು ಬರೆದುಬಿಟ್ಟರೆ ಬೊಗಸೆಗೆ ಕಾರಣವೇ ಉಳಿಯುವುದಿಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಟಾಸ್ಕ್‌ಫೋರ್ಸ್ ಸಮಿತಿಯಲ್ಲಿ ಕೃಷಿ, ಸಹಕಾರ, ಎಪಿಎಂಸಿ, ಖರೀದಿ ಸಂಸ್ಥೆ ಎಲ್ಲರೂ ಕೂರುತ್ತಾರೆ. ಕೇಂದ್ರ ಎಷ್ಟು ತೆರೆದೆವು ಎಂಬುದಕ್ಕಿಂತ ಕೊಂಡ ಮಾಲು ಸರಾಸರಿ ಎಷ್ಟು ದಿನಕ್ಕೆ ಎತ್ತುವಳಿಯಾಯಿತು ಎಂಬುದೇ ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ.

ತಡಕ್ಕೆ ಬೆಲೆ ಕಟ್ಟುವ ರೂಢಿ ಸರ್ಕಾರಕ್ಕೆ ಹೊಸದೂ ಅಲ್ಲ. ಸಕಾಲ ಕಾಯ್ದೆ ಬಂದದ್ದು 2011ರಲ್ಲಿ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500, ಅರ್ಜಿದಾರನಿಗೆ ಸಲ್ಲಬೇಕು. ಮೊತ್ತ ಚಿಕ್ಕದು, ಆದರೆ ಹೊಣೆ ಯಾರದು ಎಂಬುದು ಅದರಲ್ಲಿ ಸ್ಪಷ್ಟ. ವಿಮಾ ಯೋಜನೆಯಲ್ಲಿ ಪರಿಹಾರ ತಡ ಮಾಡಿದ ಕಂಪನಿಯೂ, ತನ್ನ ಪಾಲಿನ ಕಂತು ತಡ ಮಾಡಿದ ರಾಜ್ಯವೂ ಶೇ 12 ಬಡ್ಡಿ ತೆರಬೇಕೆಂಬ ನಿಯಮ ಇದೆ. ಖರೀದಿ ಕೇಂದ್ರಕ್ಕೂ ಹೀಗೊಂದು ಕಟ್ಟುಪಾಡು ಬೇಕೇ ಬೇಕು.

ಇನ್ನು ವ್ಯಾಪಾರಿಗಳು, ದಾಲ್ ಮಿಲ್‌ನವರು. ಇವರನ್ನು ಎದುರಾಳಿ ಎಂದು ನೋಡುವುದು ಸರಿಯಲ್ಲ, ಈ ಭಾಗದ ತೊಗರಿ ಬೇಳೆಯಾಗಿ ಹೊರಗೆ ಹೋಗುವುದು ಇವರ ಕೈಯಿಂದ. 100 ಕೆ.ಜಿ. ತೊಗರಿಗೆ ಮಿಲ್‌ನಲ್ಲಿ ಸುಮಾರು 70ರಿಂದ 75 ಕೆ.ಜಿ. ಬೇಳೆ ಬರುತ್ತದೆ, ಉಳಿದದ್ದು ಹೊಟ್ಟು, ನುಚ್ಚು, ಪುಡಿ. ದನದ ಮೇವಿಗೆ ಹೋಗುತ್ತದೆ. ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡ ಕಾಳಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಬಿಸಿಲಿಗೆ ಹರವಬೇಕು. ಗಾತ್ರ ಒಂದೇ ಸಮ ಇಲ್ಲದ, ತಳಿ ಬೆರೆತ ಮಾಲು ಬಂದರೆ ಸಣ್ಣ ಕಾಳು ಸಿಪ್ಪೆ ಬಿಡುವಷ್ಟರಲ್ಲಿ ದೊಡ್ಡದು ಸವೆದು ಪುಡಿಯಾಗುತ್ತದೆ. ಕ್ವಿಂಟಲ್‌ಗೆ ಎರಡು ಕೆ.ಜಿ. ಬೇಳೆ ಕಡಿಮೆಯಾದರೂ ಮಿಲ್‌ನವರ ಲಾಭ ಅಲ್ಲೇ ಕರಗಿತು. ಹಾಗಾಗಿ ಒಂದೇ ತಳಿಯ, ಜರಡಿ ಹಿಡಿದ ಮಾಲಿಗೆ ಹೆಚ್ಚು ಕೊಡಲು ಅವರಿಗೂ ಕಾರಣ ಇದೆ, ಆದರೆ ಅಂಥ ಮಾಲನ್ನು ಬೇರೆಯಾಗಿ ತೋರಿಸುವ ವ್ಯವಸ್ಥೆ ಮಾರುಕಟ್ಟೆಯಲ್ಲಿ ಬಲವಾಗಿಲ್ಲ.

ಇಲ್ಲಿ ಸರ್ಕಾರ ಉದ್ಯಮದ ಜೊತೆ ಕೈಜೋಡಿಸಿದ ಒಂದು ದೊಡ್ಡ ಪ್ರಯೋಗವೂ ನಡೆದಿದೆ. ರಾಜ್ಯ ಸರ್ಕಾರ ಮತ್ತು ಕೃಷಿ ಸರಕುಗಳ ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್‌ನ ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ 2014ರಲ್ಲಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕಂಪನಿ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತಂದಿತು. ಲಾಟಿಗೆ ನಂಬರು, ಗುಟ್ಟಿನ ಬಿಡ್, ಹೊತ್ತಿಗೆ ಫಲಿತಾಂಶ. ಗಂಜ್‌ನಲ್ಲಿ ಕೈಮೇಲೆ ಟವೆಲ್ ಮುಚ್ಚಿ ಬೆರಳು ಮುಟ್ಟಿಸಿ ಬೆಲೆ ಹೇಳುವ ಕಾಲಕ್ಕೆ ಹೋಲಿಸಿದರೆ ದೊಡ್ಡ ಹೆಜ್ಜೆ. ಆದರೆ ದೂರದ ಊರಿನ ವ್ಯಾಪಾರಿ ಕಣ್ಣಿಗೆ ಕಾಣದ ಮಾಲಿಗೆ ಬಿಡ್ ಹಾಕಬೇಕಾದರೆ ತೇವಾಂಶ, ಕಸ, ಒಡೆದ ಕಾಳು ಎಷ್ಟೆಂಬ ನಂಬಬಲ್ಲ ಚೀಟಿ ಬೇಕು. ಆ ಪರೀಕ್ಷೆ ಪ್ರತಿ ಲಾಟಿಗೂ ಆಗದ ಕಡೆ ಬಿಡ್ ಹಾಕುವವರು ಅದೇ ಅಂಗಳದಲ್ಲಿ ನಿಂತು ಕಾಳು ಕಚ್ಚಿ ನೋಡಬಲ್ಲ ಅದೇ ಹತ್ತಾರು ಮಂದಿ. ಪರದೆ ಹೊಸದು, ಕೊಳ್ಳುವವರು ಹಳಬರು.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಸುಣ್ಣದಂಶ ಹೆಚ್ಚಿರುವ ಈ ಕಪ್ಪು ನೆಲದ ರುಚಿಗೆ ಸಿಕ್ಕ ಮನ್ನಣೆ ಅದು. ಆ ಗುರುತು ತಾನಾಗಿ ಯಾರ ಜೇಬಿಗೂ ದುಡ್ಡು ಹಾಕುವುದಿಲ್ಲ. ಬೆಳೆಗಾರನೋ ಮಿಲ್‌ನವನೋ ಅಧಿಕೃತ ಬಳಕೆದಾರ ಎಂದು ಚೆನ್ನೈನ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿದ ಮೇಲೆಯೇ ಪೊಟ್ಟಣದ ಮೇಲೆ ಹಾಕಬಹುದು. ಆಮೇಲೂ ಆ ಪೊಟ್ಟಣದಲ್ಲಿರುವುದು ಮೊಜಾಂಬಿಕ್‌ನಿಂದಲೋ ಮ್ಯಾನ್ಮಾರ್‌ನಿಂದಲೋ ಬಂದ ಕಾಳಲ್ಲ, ಸೇಡಂನದ್ದೋ ಚಿತ್ತಾಪುರದ್ದೋ ಎಂದು ತೋರಿಸಲು ಹೊಲದವರೆಗೆ ಹಿಂದೆ ಹೋಗುವ ದಾಖಲೆ ಬೇಕು. ಸುತ್ತಿಬಳಸಿ ಮತ್ತೆ ಬಂದು ನಿಂತದ್ದು ಅದೇ ಬೆಳೆ ಸಮೀಕ್ಷೆಯ ಮುಂದೆ.

ರೈತರೇ ಸದಸ್ಯರಾಗಿ ಕಟ್ಟಿಕೊಳ್ಳುವ ರೈತ ಉತ್ಪಾದಕ ಕಂಪನಿಗಳ ವಿಷಯ ಚಿಕ್ಕದಾಗಿ ಹೇಳಬಹುದು. ಕೇಂದ್ರದ ಯೋಜನೆಯಲ್ಲಿ ಒಂದು ಕಂಪನಿಗೆ ಮೂರು ವರ್ಷ ನಿರ್ವಹಣೆಗೆ 18 ಲಕ್ಷದವರೆಗೆ ನೆರವಿದೆ. ಸಣ್ಣ ಬೇಳೆ ಘಟಕ ಹಾಕುವವರಿಗೆ ಕಿರು ಆಹಾರ ಸಂಸ್ಕರಣಾ ಘಟಕಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ರಾಜ್ಯದ ಪಾಲೂ ಸೇರಿ ಶೇ 50, ಗರಿಷ್ಠ 15 ಲಕ್ಷ ಸಹಾಯಧನ ಇದೆ. ಯಂತ್ರ ಬರುತ್ತದೆ. ಜನವರಿಯಲ್ಲಿ ಸದಸ್ಯರ ತೊಗರಿ ಕೊಳ್ಳಲು ದುಡಿಯುವ ಬಂಡವಾಳ ಬರುವುದಿಲ್ಲ. ಬೇಳೆ ಘಟಕಗಳು ಬೀಗ ಹಾಕಿಕೊಂಡು ನಿಲ್ಲುವುದಕ್ಕೆ ಇದು ದೊಡ್ಡ ಕಾರಣ. ಸಹಾಯಧನ ಕೊಟ್ಟ ಸರ್ಕಾರವೇ ಕೊಳ್ಳುವವನಾಗಿ ನಿಂತರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುವುದಿಲ್ಲ.

ಸರ್ಕಾರ ದೊಡ್ಡ ಬೇಳೆ ಗಿರಾಕಿ ಎಂಬುದನ್ನು ನಾವು ಮರೆಯುತ್ತೇವೆ. ಹಾಸ್ಟೆಲ್, ಬಿಸಿಯೂಟ, ಅಂಗನವಾಡಿ, ಜೈಲು, ಆಸ್ಪತ್ರೆ ಎಲ್ಲ ಕಡೆ ದಿನಾ ಸಾರು ಕುದಿಯುತ್ತದೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತೊಗರಿ ಬೇಳೆ ಇರುವ ಇಂದಿರಾ ಆಹಾರ ಕಿಟ್ ಕೊಡಲು ತೀರ್ಮಾನಿಸಿತು. ಇಂಥ ಖರೀದಿಗಳ ಟೆಂಡರ್‌ನಲ್ಲಿ ‘ಹಿಂದಿನ ಮೂರು ವರ್ಷ ಇಷ್ಟು ಕೋಟಿ ವಹಿವಾಟು’ ಎಂಬ ಒಂದು ಸಾಲು ಸಾಕು, ಕಮಲಾಪುರದ ಮಹಿಳಾ ಸಂಘವೂ ಔರಾದ್‌ನ ರೈತ ಕಂಪನಿಯೂ ಬಾಗಿಲ ಹೊರಗೆ ಉಳಿಯುತ್ತವೆ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯನ್ನು, ಅಂದರೆ ಟೆಂಡರ್ ಇಲ್ಲದೆ ಕೆಲಸ ವಹಿಸುವ ಅವಕಾಶವನ್ನು, ಸರ್ಕಾರ ಬಹಳ ಕಾಮಗಾರಿಗಳಿಗೆ ಬಳಸಿದೆ. ಅದಕ್ಕೆ ಹೋಗುವ ಅಗತ್ಯವೂ ಇಲ್ಲ. ಪೂರೈಕೆಯನ್ನು ತಾಲ್ಲೂಕುವಾರು ಸಣ್ಣ ಲಾಟಿಗಳಾಗಿ ಒಡೆದು, ಠೇವಣಿಯನ್ನು ಲಾಟಿಯ ಬೆಲೆಗೆ ತಕ್ಕಂತೆ ಇಳಿಸಿ, ಬಿಲ್ಲನ್ನು ಮೂವತ್ತು ದಿನದಲ್ಲಿ ಪಾವತಿಸಿದರೆ ಸ್ಥಳೀಯ ಮಿಲ್‌ಗಳು ಸ್ಪರ್ಧಿಸಬಲ್ಲವು. ಕಡೆಯದು ಎಲ್ಲಕ್ಕಿಂತ ಮುಖ್ಯ. ಆರು ತಿಂಗಳು ಬಿಲ್ಲು ಬಾಕಿ ಉಳಿದರೆ ಸಣ್ಣ ಘಟಕ ಮುಳುಗಿತು. ಕಲಬುರಗಿ ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಸಂಘಗಳನ್ನು ಸೇರಿಸಿ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಮಾರುಕಟ್ಟೆ ತೆರೆದದ್ದು ಈ ದಿಕ್ಕಿನಲ್ಲಿ ಒಳ್ಳೆಯ ನಡೆ, ಬೇಳೆಗೂ ಅದು ಆಗಬಲ್ಲದು.

ಹೊರಗಿನಿಂದ ಬರುವ ತೊಗರಿಯ ಮೇಲಿನ ಸುಂಕ ದೆಹಲಿಯಲ್ಲಿ ತೀರ್ಮಾನವಾಗುತ್ತದೆ, ಅದು ಜಿಲ್ಲೆಯ ಕೈಯಲ್ಲಿಲ್ಲ. ಸಮೀಕ್ಷೆಯ ಪಟ್ಟಿ ಜಿಲ್ಲೆಯ ಕೈಯಲ್ಲಿದೆ. ತೊಗರಿ ಸೀಮೆಗೆ ಒಂದೇ ಸಲದ ಸಮೀಕ್ಷೆ ಸಾಲದು. ಹೆಸರು, ಉದ್ದು ಕಿತ್ತ ಮೇಲೆ ಅಕ್ಟೋಬರ್ ಮೊದಲ ಎರಡು ವಾರದಲ್ಲಿ ಒಂಟಿಬೆಳೆ ಎಂದು ದಾಖಲಾದ ತಾಕುಗಳಿಗಾದರೂ ಇನ್ನೊಮ್ಮೆ ಹೋಗಬೇಕು. ಮಿಶ್ರಬೆಳೆ ಸರಿಯಾಗಿ ನಮೂದಿಸಿದ ತಾಕಿಗೆ ಸಂಭಾವನೆ ಹೆಚ್ಚಿಸಬೇಕು. ಆಮೇಲೆ ಸರ್ವೆ ನಂಬರು, ಹಿಸ್ಸಾ, ಬೆಳೆ, ವಿಸ್ತೀರ್ಣ ಇರುವ ಪಟ್ಟಿಯನ್ನು ಪಂಚಾಯಿತಿ, ಸಹಕಾರ ಸಂಘ, ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಿ, ಹದಿನೈದು ದಿನ ಆಕ್ಷೇಪಣೆಗೆ ಬಿಡಬೇಕು. ಅದೇ ಪಟ್ಟಿ ವಿಮಾ ಕಂಪನಿಗೂ ಖರೀದಿ ಸಂಸ್ಥೆಗೂ ಅದೇ ದಿನ ಹೋಗಬೇಕು. ತನ್ನ ನಂಬರಿನ ಮುಂದೆ ‘ಹೆಸರು’ ಎಂದು ಓದಿದ ರೈತ ಆಗ ಗ್ರಾಮ ಆಡಳಿತಾಧಿಕಾರಿಯನ್ನು ಹೊಲಕ್ಕೆ ಕರೆದುಕೊಂಡು ಹೋಗಬಹುದು. ಅಕ್ಟೋಬರ್‌ನಲ್ಲಿ ತೊಗರಿ ಎದೆಯೆತ್ತರ ನಿಂತು ಹೂವಿಗೆ ಬರುತ್ತಿರುತ್ತದೆ, ಫೋಟೊ ತೆಗೆದರೆ ಮುಗಿಯಿತು. ಫೆಬ್ರುವರಿಯಲ್ಲಿ ಹೋದರೆ ಅಲ್ಲಿರುವುದು ಬರೀ ಕೂಳೆ.